ಹಣೆ ದೊಡ್ಡದಿದ್ದರೆ ಯಾವ ಹೇರ್‌ಕಟ್? ಮೊದಲು ಕೂದಲಿನ ಸುಳಿ ನೋಡಿ

ಪ್ರಶ್ನೆ: ನನಗೆ 29 ವರ್ಷ. ಹಣೆ ದೊಡ್ಡದು. ಶಾಲೆಯಲ್ಲಿದ್ದಾಗಿನಿಂದ ಇದನ್ನೇ ಹೇಳಿ ರೇಗಿಸಿದ್ದಾರೆ. ಕೂದಲು ಭುಜದಿಂದ ಸ್ವಲ್ಪ ಕೆಳಗಿದೆ. ತೆಳು, ಸ್ವಲ್ಪ ಅಲೆಅಲೆಯಾಗಿದೆ. ಕೆಲಸಕ್ಕೆ ಹೋಗುವಾಗ ಎಲ್ಲವನ್ನೂ ಹಿಂದಕ್ಕೆ ಎಳೆದು ಪೋನಿಟೇಲ್ ಹಾಕುತ್ತೇನೆ. ಕನ್ನಡಕ ಇದೆ. ಒಮ್ಮೆ ಹುಬ್ಬಿನ ಮಟ್ಟಕ್ಕೆ ನೇರವಾಗಿ ಬ್ಯಾಂಗ್ಸ್ (ಹಣೆಯ ಮೇಲೆ ಬೀಳುವ ಹಾಗೆ ಕತ್ತರಿಸಿದ ಮುಂಗೂದಲು) ಮಾಡಿಸಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅದು ನಡುವೆ ಸೀಳಿ, ಜಿಡ್ಡಾಗಿ ಹಣೆಗೆ ಅಂಟಿಕೊಳ್ಳುತ್ತಿತ್ತು. ಬೆಳಿಗ್ಗೆ ಕೂದಲಿಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕೊಡಲು ಆಗುವುದಿಲ್ಲ. ನನಗೆ ಯಾವ ಹೇರ್‌ಸ್ಟೈಲ್ ಒಪ್ಪುತ್ತದೆ? ಹಣೆ ಮೊದಲಿಗಿಂತ ದೊಡ್ಡದಾಗುತ್ತಿದೆಯೇನೋ ಎಂಬ ಅನುಮಾನವೂ ಇದೆ.

ಉತ್ತರ: "ಹಣೆ ದೊಡ್ಡದಾ? ಬ್ಯಾಂಗ್ಸ್ ಮಾಡಿಸ್ಕೋ" ಎಂದು ನಿಮಗೂ ಯಾರೋ ಹೇಳಿರುತ್ತಾರೆ. ಆ ಸಲಹೆ ಪೂರ್ತಿ ತಪ್ಪಲ್ಲ. ಆದರೆ ಹೇಳಿದವರು ನೋಡಿದ್ದು ಹಣೆಯನ್ನು ಮಾತ್ರ. ಅದರ ಮೇಲೆ ಬೀಳಬೇಕಾದ ಕೂದಲು ಎಂಥದ್ದು, ಅದು ಯಾವ ಕಡೆಗೆ ತಿರುಗುತ್ತದೆ ಎಂದು ನೋಡಿಲ್ಲ. ನಡುವೆ ಸೀಳುತ್ತಿತ್ತು ಅಂತ ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು ಅದೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಣೆ ನಿಜಕ್ಕೂ ಎಷ್ಟು ದೊಡ್ಡದು ಅಂತ ನೋಡಿಬಿಡಿ. ಸೆಲ್ಫಿ ನೋಡಿ ನಿರ್ಧಾರ ಮಾಡಬೇಡಿ. ಫೋನನ್ನು ಸ್ವಲ್ಪ ಮೇಲೆ ಹಿಡಿದು ಹತ್ತಿರದಿಂದ ತೆಗೆದ ಫೋಟೋದಲ್ಲಿ ಕ್ಯಾಮೆರಾಗೆ ಎಲ್ಲಕ್ಕಿಂತ ಹತ್ತಿರ ಇರುವುದು ಹಣೆ. ಹತ್ತಿರ ಇದ್ದದ್ದು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಬೇರೆ ಯಾರಾದರೂ ಆರೇಳು ಅಡಿ ದೂರ ನಿಂತು, ನಿಮ್ಮ ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿದು, ಝೂಮ್ ಮಾಡಿ ತೆಗೆದ ಫೋಟೋ ನೋಡಿ. ಎಷ್ಟೋ ಜನರ ಚಿಂತೆ ಅಲ್ಲಿಗೇ ಅರ್ಧ ಕಡಿಮೆಯಾಗುತ್ತದೆ.

ಅಳೆಯಲೇಬೇಕು ಅಂದರೆ ಒಂದು ಹಳೆಯ ದಾರಿ ಇದೆ. ಲಿಯೊನಾರ್ಡೊ ಡಾ ವಿಂಚಿಯಂಥ ಚಿತ್ರಕಾರರು ಮುಖವನ್ನು ಮೂರು ಪಾಲು ಮಾಡುತ್ತಿದ್ದರು. ಕೂದಲಿನ ಅಂಚಿನಿಂದ ಹುಬ್ಬಿನವರೆಗೆ ಒಂದು, ಹುಬ್ಬಿನಿಂದ ಮೂಗಿನ ಬುಡದವರೆಗೆ ಒಂದು, ಅಲ್ಲಿಂದ ಗದ್ದದ ತುದಿವರೆಗೆ ಇನ್ನೊಂದು. ಸ್ಕೇಲ್ ಇಟ್ಟು ಮೂರನ್ನೂ ಅಳೆಯಿರಿ. ಮೊದಲ ಪಾಲು ಉಳಿದೆರಡಕ್ಕಿಂತ ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ ನಿಮ್ಮದು ಎತ್ತರದ ಹಣೆ. ಮೂರೂ ಸರಿಸಮ ಇರುವ ಮುಖ ಅಪರೂಪ. ಮಿಲಿಮೀಟರ್ ಲೆಕ್ಕದ ವ್ಯತ್ಯಾಸಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕು ಬೆರಳು ಇಟ್ಟು ನೋಡುವ ಪರೀಕ್ಷೆಯೂ ಓಡಾಡುತ್ತಿರುತ್ತದೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ. ಬೆರಳು ಸಣ್ಣಗಿದ್ದವರಿಗೆಲ್ಲ ಹಣೆ ದೊಡ್ಡದು ಅಂತಲೇ ಬರುತ್ತದೆ ಅಲ್ವಾ?

ರೇಗಿಸುವವರ ಮಾತಿಗೆ ಬಂದರೆ, ದೊಡ್ಡ ಹಣೆ ಚೆಂದವೋ ಅಲ್ಲವೋ ಅನ್ನುವುದು ಕಾಲಕಾಲಕ್ಕೆ ಬದಲಾಗಿದೆ. 15ನೇ ಶತಮಾನದ ಯುರೋಪಿನಲ್ಲಿ ಸಿರಿವಂತ ಹೆಂಗಸರು ಹಣೆ ಎತ್ತರ ಕಾಣಲಿ ಅಂತ ಮುಂದಿನ ಕೂದಲನ್ನು ಕಿತ್ತುಕೊಳ್ಳುತ್ತಿದ್ದರು. 1460ರ ಸುಮಾರಿಗೆ ರೋಗಿಯರ್ ವಾನ್ ಡೆರ್ ವೈಡೆನ್ ಬರೆದ ಮಹಿಳೆಯ ಚಿತ್ರವೊಂದಿದೆ. ನೋಡಿದರೆ ಮೊದಲು ಕಣ್ಣಿಗೆ ಬೀಳುವುದೇ ಆ ಹಣೆ. ಅದೇ 1960ಕ್ಕೆ ಬನ್ನಿ. ಹಿಂದಿ ನಟಿ ಸಾಧನಾ ಅವರ ಹಣೆ ಅಗಲವಾಯಿತು ಅಂತ ಹಾಲಿವುಡ್ ನಟಿ ಆಡ್ರೆ ಹೆಪ್‌ಬರ್ನ್ ಅವರ ಮಾದರಿಯಲ್ಲಿ ಮುಂದೆ ಕೂದಲು ಕತ್ತರಿಸಿ ಹಣೆಯ ಮೇಲೆ ಬಿಟ್ಟರು. ಅದೇ 'ಸಾಧನಾ ಕಟ್' ಆಗಿ ಎಷ್ಟೋ ಹುಡುಗಿಯರ ತಲೆ ಮೇಲೆ ಕೂತಿತು. ಸಣ್ಣ ಹಣೆ ಇದ್ದವರೂ ಬಿಡಲಿಲ್ಲ!

ಈಗ ವಿಷಯಕ್ಕೆ ಬರೋಣ. 'ದೊಡ್ಡ ಹಣೆ' ಅಂತ ಸಲೂನಿಗೆ ಬರುವವರಲ್ಲಿ ನನಗೆ ಬೇರೆಬೇರೆ ಥರದ ಹಣೆ ಕಾಣುತ್ತದೆ. ಕೆಲವರದು ಎತ್ತರ. ಕೆಲವರದು ಅಗಲ, ಅಂದರೆ ಕೆನ್ನೆಮೂಳೆಗಿಂತ ಹಣೆಯೇ ಜಾಸ್ತಿ ಹರಡಿರುತ್ತದೆ. ಕೆಲವರದು ಪಕ್ಕದಿಂದ ನೋಡಿದರೆ ಮುಂದಕ್ಕೆ ಉಬ್ಬಿರುತ್ತದೆ. ಇನ್ನು ಕೆಲವರಿಗೆ ಹಣೆ ಸರಿಯಾಗೇ ಇದ್ದು, ಎರಡು ಮೂಲೆಗಳಲ್ಲಿ ಮಾತ್ರ ಕೂದಲಿನ ಅಂಚು ಹಿಂದೆ ಸರಿದಿರುತ್ತದೆ. ಒಂದಕ್ಕೆ ಒಪ್ಪುವ ಕಟ್ ಇನ್ನೊಂದಕ್ಕೆ ಕೆಡುತ್ತದೆ. ಉದಾಹರಣೆಗೆ, ಹುಬ್ಬಿನ ಮೇಲೆ ಅಡ್ಡಗೆರೆ ಎಳೆದ ಹಾಗೆ ಕತ್ತರಿಸಿದ ದಪ್ಪ ಬ್ಯಾಂಗ್ಸ್ ಎತ್ತರದ ಹಣೆಯನ್ನು ಮುಚ್ಚುತ್ತದೆ. ಆದರೆ ಅಗಲ ಹಣೆಗೆ ಅದೇ ಅಡ್ಡಗೆರೆ ಮುಖವನ್ನು ಇನ್ನೂ ಅಗಲ ಮಾಡುತ್ತದೆ. ಅಗಲ ಇದ್ದವರಿಗೆ ಬೇಕಿರುವುದು ಎರಡು ಮೂಲೆಯನ್ನು ಮೆಲ್ಲಗೆ ಮರೆಮಾಡುವ ಕೂದಲು. ನಡುವಿನ ಹಣೆ ಕಂಡರೂ ಪರವಾಗಿಲ್ಲ. ಮೂಲೆ ಹಿಂದೆ ಸರಿದವರಿಗೂ ಇದೇ. ಉಬ್ಬು ಹಣೆಯವರು ಕೂದಲನ್ನು ಹಣೆಗೆ ಅಂಟಿಸಿದ ಹಾಗೆ ಬಿಟ್ಟರೆ ಉಬ್ಬು ಇನ್ನಷ್ಟು ಗೊತ್ತಾಗುತ್ತದೆ. ಕೂದಲು ಸ್ವಲ್ಪ ಗಾಳಿಯಾಡುವ ಹಾಗಿರಲಿ. ತಲೆಯ ಹಿಂಭಾಗದಲ್ಲಿ ತುಸು ತುಂಬಿಕೊಂಡಿದ್ದರೆ ಪಕ್ಕದ ನೋಟ ಸರಿಹೋಗುತ್ತದೆ.

ನಿಮ್ಮದು ಎತ್ತರದ ಹಣೆ ಅಂದುಕೊಂಡು ಮುಂದಿನದು ಹೇಳುತ್ತೇನೆ. ಸ್ಕೇಲ್ ಬೇರೆ ಹೇಳಿದರೆ ಮೇಲಿನ ಮಾತು ಹಿಡಿದುಕೊಳ್ಳಿ.

ಹಣೆಯನ್ನು ಪೂರ್ತಿ ಮುಚ್ಚಬೇಕು ಅಂತ ಏನಿಲ್ಲ. ಖಾಲಿ ಜಾಗ ಒಂದೇ ತುಂಡಾಗಿ ಕಂಡಾಗ ಕಣ್ಣಿಗೆ ದೊಡ್ಡದು ಅನ್ನಿಸುತ್ತದೆ. ಒಂದು ಓರೆಯಾದ ಕೂದಲಿನ ಎಳೆ ಅದರ ಮೇಲೆ ಹಾದುಹೋದರೆ ಸಾಕು, ಅದು ಒಡೆಯುತ್ತದೆ. ಇನ್ನೊಂದು, ಕೂದಲು ಎಲ್ಲಿ ಉಬ್ಬಿದೆ ಎನ್ನುವುದು. ನೆತ್ತಿಯ ಮೇಲೆ ಪಫ್ ಎತ್ತಿದರೆ ಮುಖ ಉದ್ದವಾಗುತ್ತದೆ, ಹಣೆ ಮೇಲೇರುತ್ತದೆ. ಅದೇ ಉಬ್ಬು ಕೆನ್ನೆಮೂಳೆಯ ಪಕ್ಕಕ್ಕೆ, ಕಿವಿಯ ಮಟ್ಟಕ್ಕೆ ಇಳಿದರೆ ನೋಡುವವರ ಕಣ್ಣೂ ಅಲ್ಲಿಗೇ ಇಳಿಯುತ್ತದೆ. ಎತ್ತರದ ಹಣೆಯವರು ಪಾರ್ಟಿಗೆ ಅಂತ ಪಫ್ ಹಾಕಿಸಿಕೊಂಡು ಬಂದಾಗ ನನಗೆ ಕೈ ತುರಿಸುತ್ತದೆ, ಒತ್ತಿಬಿಡೋಣ ಅಂತ.

ಇನ್ನು ಆ ಸೀಳಿನ ವಿಚಾರ. ಇಂದೇ ಒಂದು ಪರೀಕ್ಷೆ ಮಾಡಿ. ತಲೆ ತೊಳೆದ ಮೇಲೆ ಮುಂದಿನ ಕೂದಲನ್ನು ಪೂರ್ತಿ ಮುಖದ ಮೇಲೆ ಬಾಚಿ ಬಿಡಿ. ಡ್ರೈಯರ್ ಬೇಡ, ಕೈ ಹಾಕಬೇಡಿ. ತಾನಾಗಿ ಒಣಗಲಿ. ಒಣಗುತ್ತಾ ಒಣಗುತ್ತಾ ಕೂದಲು ತನಗೆ ಬೇಕಾದ ಕಡೆ ತಿರುಗುತ್ತದೆ. ಕನ್ನಡಿ ಹತ್ತಿರ ಹೋಗಿ ಹಣೆಯ ಅಂಚಿನ ಬೇರುಗಳನ್ನು ನೋಡಿ. ಎಲ್ಲ ಬೇರೂ ಕೆಳಮುಖವಾಗಿದೆಯಾ? ಅಥವಾ ಒಂದು ಜಾಗದಲ್ಲಿ ಕೂದಲು ನೆಟ್ಟಗೆ ಎದ್ದು ಎಡಕ್ಕೋ ಬಲಕ್ಕೋ ಹೊರಳುತ್ತದಾ? ಹೊರಳಿದರೆ ಅಲ್ಲಿ ಸುಳಿ ಇದೆ. ಸುಳಿ ಹುಟ್ಟಿನಿಂದ ಬಂದದ್ದು, ಕತ್ತರಿಗೆ ಬಗ್ಗುವುದಿಲ್ಲ. ಅದರ ಮೇಲೆ ನೇರ ಬ್ಯಾಂಗ್ಸ್ ಕತ್ತರಿಸಿದರೆ ಬೆಳಿಗ್ಗೆ ಡ್ರೈಯರ್ ಬಿಸಿಗೆ ಸುಮ್ನೆ ಕೂತಿರುತ್ತದೆ. ಮಧ್ಯಾಹ್ನ ಬೆವರು ತಾಗಿದ ಕೂಡಲೇ ಮತ್ತೆ ಅದರ ದಾರಿ ಅದಕ್ಕೆ. ನಿಮಗೆ ಆಗಿರುವುದು ಬಹುಶಃ ಇದೇ. ಜೊತೆಗೆ ಕೂದಲು ತೆಳು. ತೂಕ ಇಲ್ಲದ ಕೂದಲು ಸುಳಿಯನ್ನು ಒತ್ತಿ ಹಿಡಿಯಲಾರದು.

ಹಾಗಾದರೆ ಸೀಳನ್ನೇ ಸ್ಟೈಲ್ ಮಾಡಿಕೊಳ್ಳಿ. ನಡುವೆ ತೆರೆದು ಎರಡೂ ಪಕ್ಕಕ್ಕೆ ಇಳಿಯುವ ಕರ್ಟನ್ ಬ್ಯಾಂಗ್ಸ್ ಇದೆಯಲ್ಲ, 60ರ ದಶಕದಲ್ಲಿ ಫ್ರೆಂಚ್ ನಟಿ ಬ್ರಿಜಿತ್ ಬಾರ್ಡೊ ತಲೆಯಲ್ಲಿ ಹೆಸರು ಮಾಡಿದ್ದು, ನಿಮ್ಮ ಕೂದಲಿಗೆ ನಾನು ಆರಿಸುವುದು ಅದನ್ನೇ. ಸುಳಿ ನಡುವಿನಿಂದ ಸ್ವಲ್ಪ ಆಚೆ ಇದ್ದರೆ ಬೈತಲೆಯನ್ನೂ ಅಲ್ಲಿಗೇ ಸರಿಸಿ. ಸುಳಿ ಒಂದು ಮೂಲೆಯಲ್ಲಿದ್ದರೆ ಕರ್ಟನ್ ಬೇಡ. ಆ ಮೂಲೆಯಿಂದ ಶುರುವಾಗಿ ಎದುರು ಕೆನ್ನೆಮೂಳೆಗೆ ಓರೆಯಾಗಿ ಇಳಿಯುವ ಸೈಡ್ ಬ್ಯಾಂಗ್ಸ್ ಮಾಡಿಸಿ. ಸುಳಿಯ ದಿಕ್ಕೇ ಅದನ್ನು ಎತ್ತಿ ಹಿಡಿಯುತ್ತದೆ.

ಕತ್ತರಿಸುವ ಬಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ತೆಳು ಕೂದಲಿನವರ ಬ್ಯಾಂಗ್ಸ್ ಹಾಳಾಗುವುದು ಇಲ್ಲೇ. ಬ್ಯಾಂಗ್ಸ್‌ಗೆ ಕೂದಲು ತೆಗೆಯುವಾಗ ಒಂದು ತ್ರಿಕೋನ ಬಿಡಿಸುತ್ತೇವೆ. ತುದಿ ಬೈತಲೆಯ ಮೇಲೆ, ಬುಡದ ಎರಡು ಮೂಲೆ ಹಣೆಯ ಅಂಚಿನಲ್ಲಿ. ಈ ತ್ರಿಕೋನ ನೆತ್ತಿಯ ಕಡೆಗೆ ಎಷ್ಟು ಆಳ ಹೋಗುತ್ತದೋ ಬ್ಯಾಂಗ್ಸ್ ಅಷ್ಟು ದಪ್ಪ. ತೆಳು ಕೂದಲಿನಲ್ಲಿ ಆಳ ಜಾಸ್ತಿ ಮಾಡಿದರೆ ಪಕ್ಕದ ಕೂದಲು ಖಾಲಿಯಾಗುತ್ತದೆ. ಮುಂದೆ ಬ್ಯಾಂಗ್ಸ್ ಚೆನ್ನಾಗಿ ಕಂಡರೂ ಕಿವಿಯ ಹತ್ತಿರ ಬೋಳು ಬೋಳು. ನಿಮಗೆ ಆಳ ಕಡಿಮೆ ಇರುವ ಸಣ್ಣ ತ್ರಿಕೋನ ಸಾಕು. ಅಗಲದಲ್ಲಿ ಹುಬ್ಬಿನ ಹೊರತುದಿ ದಾಟುವುದು ಬೇಡ. ನಡುವಿನ ಕೂದಲು ಮೂಗಿನ ಸೇತುವೆಯ (ಕನ್ನಡಕ ಕೂರುವ ಜಾಗದ) ಮಟ್ಟಕ್ಕೆ ಬರಲಿ. ಅಲ್ಲಿಂದ ಪಕ್ಕಕ್ಕೆ ಹೋದಂತೆ ಉದ್ದವಾಗಿ ಕೆನ್ನೆಮೂಳೆಯ ಹತ್ತಿರ ಉಳಿದ ಕೂದಲಿನಲ್ಲಿ ಸೇರಿಹೋಗಲಿ. ಎಲ್ಲಿ ಮುಗಿಯಿತು ಅಂತ ಗೊತ್ತಾಗಬಾರದು.

ಒಣಗಿದ ಕೂದಲಿನಲ್ಲೇ ಕತ್ತರಿಸಲು ಹೇಳಿ. ಒದ್ದೆ ಕೂದಲು ಹಿಗ್ಗಿರುತ್ತದೆ, ಒಣಗಿದ ಮೇಲೆ ಮೇಲಕ್ಕೆ ಏರುತ್ತದೆ. ಅಲೆ ಇರುವ ಕೂದಲು ಇನ್ನೂ ಜಾಸ್ತಿ ಏರುತ್ತದೆ. ಒದ್ದೆಯಲ್ಲಿ ಕಣ್ಣಿನ ಮಟ್ಟಕ್ಕಿದ್ದದ್ದು ಮನೆಗೆ ಬರುವಷ್ಟರಲ್ಲಿ ಹುಬ್ಬಿನ ಮೇಲೆ ಕೂತಿರುತ್ತದೆ. ಗುಂಗುರು ಕೂದಲಿನವರಿಗೆ ಈ ಮಾತು ಎರಡು ಪಟ್ಟು ನಿಜ. ಗುಂಗುರು ಇದ್ದವರು ಬ್ಯಾಂಗ್ಸ್ ಮಾಡಿಸಬಾರದು ಅನ್ನುವುದು ಸುಳ್ಳು. ಒಣಗಿದ ಮೇಲೆ, ಒಂದೊಂದೇ ಸುರುಳಿ ನೋಡಿ ಕತ್ತರಿಸುವವರು ಸಿಕ್ಕರೆ ಎತ್ತರದ ಹಣೆಗೆ ಗುಂಗುರು ಬ್ಯಾಂಗ್ಸ್‌ನಷ್ಟು ಚೆಂದ ಬೇರೆ ಇಲ್ಲ.

ನೇರ ಅಡ್ಡ ಬ್ಯಾಂಗ್ಸ್ ಯಾರಿಗೆ ಅಂದರೆ, ಕೂದಲು ದಪ್ಪ, ನೇರ, ಮುಂದೆ ಸುಳಿ ಇಲ್ಲ, ಮೂರು ವಾರಕ್ಕೊಮ್ಮೆ ಟ್ರಿಮ್ ಮಾಡಿಸಲು ಬೇಜಾರಿಲ್ಲ ಅನ್ನುವವರಿಗೆ. ಹಣೆಯ ಅರ್ಧಕ್ಕೇ ನಿಲ್ಲುವ ಬೇಬಿ ಬ್ಯಾಂಗ್ಸ್ ಮಾತ್ರ ಎತ್ತರದ ಹಣೆಗೆ ಬೇಡ. ಅದು ಹಣೆಯನ್ನು ಮುಚ್ಚುವ ಬದಲು ಗೆರೆ ಎಳೆದು ತೋರಿಸುತ್ತದೆ.

ಉಳಿದ ಉದ್ದಕ್ಕೆ ಬಂದರೆ, ಭುಜದ ಮೇಲೆ ನಿಲ್ಲುವ ಲಾಬ್ ಅಥವಾ ಗದ್ದದ ಮಟ್ಟದ ಬಾಬ್ ನಿಮ್ಮ ತೆಳು ಕೂದಲಿಗೆ ಉದ್ದ ಕೂದಲಿಗಿಂತ ಒಳ್ಳೆಯದು. ಕೆಳತುದಿ ಒಂದೇ ಮಟ್ಟಕ್ಕಿದ್ದರೆ ಕೂದಲು ದಪ್ಪ ಕಾಣುತ್ತದೆ. ಲೇಯರ್ಸ್ ಬೇಕೇ ಬೇಕು ಅಂತ ಹಟ ಮಾಡಬೇಡಿ. ಮುಖದ ಪಕ್ಕದಲ್ಲಿ ಕೆನ್ನೆಮೂಳೆಗೆ ಒಂದು, ಗದ್ದಕ್ಕೆ ಒಂದು, ಅಷ್ಟಿದ್ದರೆ ಸಾಕು. ತಲೆ ತುಂಬ ಲೇಯರ್ಸ್ ಹೊಡೆದರೆ ತುದಿಗಳು ಎಳೆಎಳೆಯಾಗುತ್ತವೆ. ತುಂಬ ಉದ್ದ, ನೇರ, ಒಂದೇ ಮಟ್ಟದ ಕೂದಲು ಮಾತ್ರ ಎತ್ತರದ ಹಣೆಯ ಮುಖವನ್ನು ಇನ್ನೂ ಉದ್ದ ಎಳೆಯುತ್ತದೆ. ಪಿಕ್ಸಿಯಷ್ಟು ಗಿಡ್ಡ ಮಾಡಿಸುವ ಧೈರ್ಯ ಇದ್ದವರು ಮೇಲಿನ ಕೂದಲನ್ನು ಉದ್ದ ಬಿಟ್ಟು ಹಣೆಯ ಮೇಲೆ ಓರೆ ಬೀಳಿಸಲಿ, ಚೆನ್ನಾಗಿರುತ್ತದೆ.

ಬ್ಯಾಂಗ್ಸ್ ಸಹವಾಸವೇ ಬೇಡ ಅನ್ನಿಸಿದರೆ ಬೈತಲೆ ಒಂದೇ ಸಾಕು. ಎಡ ಅಥವಾ ಬಲ ಹುಬ್ಬಿನ ಬಿಲ್ಲು ಎಲ್ಲಿ ಎತ್ತರ ಇದೆಯೋ ಅದರ ನೇರಕ್ಕೆ ಬೈತಲೆ ತೆಗೆಯಿರಿ. ಕೂದಲಿನ ಒಂದು ಪಾಲು ಹಣೆಯ ಮೇಲೆ ಓರೆಯಾಗಿ ಹಾದು ಕಿವಿಯ ಹಿಂದೆ ಹೋಗಲಿ. ವರ್ಷಗಟ್ಟಲೆ ಒಂದೇ ಕಡೆ ಬೈತಲೆ ತೆಗೆದವರ ಕೂದಲು ಆ ಜಾಗದಲ್ಲಿ ಚಪ್ಪಟೆ ಮಲಗಿರುತ್ತದೆ. ಎದುರು ಕಡೆಗೆ ಬದಲಿಸಿದರೆ ಬುಡ ತಾನಾಗಿ ಸ್ವಲ್ಪ ಏಳುತ್ತದೆ. ಮೊದಲ ವಾರ ಹಟ ಮಾಡುತ್ತದೆ, ಆಮೇಲೆ ಒಗ್ಗಿಕೊಳ್ಳುತ್ತದೆ.

ಪೋನಿಟೇಲ್ ಬಿಡಬೇಕಿಲ್ಲ. ಎಲ್ಲಿ ಕಟ್ಟುತ್ತೀರಿ, ಎಷ್ಟು ಬಿಗಿ ಕಟ್ಟುತ್ತೀರಿ ಎನ್ನುವುದನ್ನು ಬದಲಿಸಿ. ಓರೆ ಬೈತಲೆ ತೆಗೆದು ಕತ್ತಿನ ಹತ್ತಿರ ಕೆಳಗೆ ಕಟ್ಟಿ. ಕಟ್ಟಿದ ಮೇಲೆ ಕಿವಿಯ ಮೇಲಿನ ಕೂದಲನ್ನು ಬೆರಳಿನಿಂದ ಸ್ವಲ್ಪ ಸಡಿಲಿಸಿ. ಮುಂದಿನ ಕೂದಲು ಬಿಡುವಾಗ ಎರಡೇ ಎರಡು ಎಳೆ ಎಳೆದು ಜಿರಳೆ ಮೀಸೆಯ ಹಾಗೆ ಬಿಡಬೇಡಿ. ಹುಬ್ಬಿನ ಹೊರತುದಿಯ ನೇರಕ್ಕೆ ಕಿರುಬೆರಳಿನ ದಪ್ಪದ ಕೂದಲು ಬಿಟ್ಟರೆ ಅದಕ್ಕೊಂದು ಅರ್ಥ ಬರುತ್ತದೆ. ತುರುಬು ಹಾಕಿದರೂ ಇದೇ ಲೆಕ್ಕ. ಕೂದಲು ಹೊರಗೆ ಬಿಡುವಂತಿಲ್ಲ ಅನ್ನುವ ಕೆಲಸವಾದರೆ, ಹಣೆಯ ಅಂಚಿನುದ್ದಕ್ಕೂ ಓರೆಯಾಗಿ ಸಡಿಲ ಜಡೆ ಹೆಣೆದು ಕಿವಿಯ ಹಿಂದೆ ಸೇರಿಸಿ. ಆ ಹೆಣಿಗೆಯೇ ಓರೆಗೆರೆಯ ಕೆಲಸ ಮಾಡುತ್ತದೆ.

ನಿಮ್ಮ ಹತ್ತು ನಿಮಿಷದ ಲೆಕ್ಕ ನೋಡೋಣ. ಬ್ಯಾಂಗ್ಸ್ ಒಣಗಿಸಲು ಮೂರು ನಿಮಿಷ ಸಾಕು, ಆದರೆ ಅದು ಮೊದಲ ಮೂರು ನಿಮಿಷ ಆಗಿರಬೇಕು. ಉಳಿದ ತಲೆ ಒದ್ದೆ ಇದ್ದರೂ ಇರಲಿ. ಮುಂದಿನ ಕೂದಲು ಬೇಗ ಒಣಗುತ್ತದೆ, ಒಂದು ಸಲ ತನ್ನ ಪಾಡಿಗೆ ಒಣಗಿತೆಂದರೆ ಆಮೇಲೆ ಮಾತು ಕೇಳುವುದಿಲ್ಲ. ಡ್ರೈಯರ್ ಮೂತಿ ಮೇಲಿನಿಂದ ಕೆಳಗೆ ಇರಲಿ. ಬ್ರಷ್‌ನಿಂದ ಬ್ಯಾಂಗ್ಸನ್ನು ಪೂರ್ತಿ ಎಡಕ್ಕೆ ಎಳೆಯಿರಿ, ಆಮೇಲೆ ಪೂರ್ತಿ ಬಲಕ್ಕೆ, ಮತ್ತೆ ಎಡಕ್ಕೆ. ಬುಡ ಎರಡೂ ಕಡೆ ತಿರುಗಿ ತಿರುಗಿ ಸುಳಿಯ ಹಟ ಕಡಿಮೆಯಾಗುತ್ತದೆ. ಕೊನೆಗೆ ಒಂದು ದಪ್ಪ ವೆಲ್ಕ್ರೊ ರೋಲರ್ ಸುತ್ತಿ ಬಟ್ಟೆ ಹಾಕಿಕೊಳ್ಳಿ. ಹೊರಡುವಾಗ ಬಿಚ್ಚಿ.

ಜಿಡ್ಡಿನ ಕಾಟಕ್ಕೆ ದಿನಾ ತಲೆ ಸ್ನಾನ ಬೇಕಿಲ್ಲ. ಉಳಿದ ಕೂದಲು ಕಟ್ಟಿ, ಬ್ಯಾಂಗ್ಸ್ ಮಾತ್ರ ವಾಶ್‌ಬೇಸಿನ್‌ನಲ್ಲಿ ಒಂದು ಹನಿ ಶಾಂಪೂ ಹಾಕಿ ತೊಳೆಯಿರಿ. ಕಂಡೀಶನರ್ ಅಲ್ಲಿಗೆ ಹಚ್ಚಬೇಡಿ. ಮುಖಕ್ಕೆ ಹಚ್ಚಿದ ಕ್ರೀಮು, ಸನ್‌ಸ್ಕ್ರೀನ್ ಚರ್ಮಕ್ಕೆ ಇಳಿಯುವವರೆಗೆ ಬ್ಯಾಂಗ್ಸಿಗೆ ಕ್ಲಿಪ್ ಹಾಕಿರಿ. ಡ್ರೈ ಶಾಂಪೂ ಬಳಸುವವರು ಜಿಡ್ಡಾದ ಮೇಲೆ ಹಾಕುತ್ತಾರೆ. ಬೆಳಿಗ್ಗೆಯೇ ಬುಡಕ್ಕೆ ಸ್ವಲ್ಪ ಹಾಕಿದರೆ ಜಿಡ್ಡು ಬರುಬರುತ್ತಲೇ ಹೀರಿಕೊಳ್ಳುತ್ತದೆ. ತಲೆಗೆ ಎಣ್ಣೆ, ಸೀರಮ್ ಜಾಸ್ತಿ ಹಚ್ಚಿ ಬ್ಯಾಂಗ್ಸ್ ಬಿಟ್ಟರೆ ಹಣೆಯಲ್ಲಿ ಸಣ್ಣ ಸಣ್ಣ ಮೊಡವೆ ಏಳಬಹುದು. ಮುಖದ ಕ್ರೀಮು ಬದಲಿಸುವ ಮೊದಲು ಅದನ್ನು ನೋಡಿ.

ಕನ್ನಡಕ ನಿಮಗೆ ಸಹಾಯಕ್ಕೇ ಇದೆ. ಫ್ರೇಮಿನ ಮೇಲಿನ ಗೆರೆ ದಪ್ಪಗಿದ್ದರೆ ಕಣ್ಣು ಅಲ್ಲೇ ನಿಲ್ಲುತ್ತದೆ, ಹಣೆಯ ಕಡೆ ಹೋಗುವುದಿಲ್ಲ. ಕೂದಲಿನ ತುದಿ ಮಾತ್ರ ಸರಿಯಾಗಿ ಫ್ರೇಮಿನ ಅಂಚಿಗೆ ಬಂದು ನಿಲ್ಲಬಾರದು. ದಿನವಿಡೀ ಅದು ಫ್ರೇಮಿಗೆ ಸಿಕ್ಕಿ ಎಲ್ಲೆಲ್ಲೋ ಚುಚ್ಚುತ್ತದೆ. ಅದಕ್ಕೇ ಪಕ್ಕಕ್ಕೆ ಇಳಿಯುವ ಕಟ್ ಅಂದದ್ದು. ಮೇಕಪ್‌ನಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ಕೂದಲಿನ ಬಣ್ಣಕ್ಕೆ ಹೊಂದುವ ಮೇಕಪ್ ಪುಡಿಯನ್ನು ಅಂಚಿನ ತೆಳು ಜಾಗಕ್ಕೆ ಮೆಲ್ಲಗೆ ಒತ್ತಿದರೆ, ಹಣೆಯ ಹೊಳಪು ಒರೆಸಿಕೊಂಡರೆ ಫೋಟೋದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಅಷ್ಟು ಸಾಕು.

ಹಣೆ ದೊಡ್ಡದಾಗುತ್ತಿದೆಯಾ ಎಂಬ ಅನುಮಾನವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾಲ್ಕೈದು ವರ್ಷ ಹಿಂದಿನ, ಕೂದಲು ಹಿಂದಕ್ಕೆ ಕಟ್ಟಿದ ಫೋಟೋ ಹುಡುಕಿ. ಅದೇ ಕೋನದಲ್ಲಿ ಈಗೊಂದು ತೆಗೆಸಿ ಪಕ್ಕದಲ್ಲಿಟ್ಟು ನೋಡಿ. ವರ್ಷಗಟ್ಟಲೆ ಬಿಗಿಯಾಗಿ ಪೋನಿಟೇಲ್ ಎಳೆದವರಿಗೆ ಹಣೆಯ ಅಂಚು, ಅದರಲ್ಲೂ ಎರಡು ಮೂಲೆ ಮತ್ತು ಕಿವಿಯ ಮುಂದಿನ ಜಾಗ ತೆಳುವಾಗುವುದುಂಟು. ಟ್ರಾಕ್ಷನ್ ಅಲೋಪೀಶಿಯಾ ಅನ್ನುತ್ತಾರೆ. ರಬ್ಬರ್ ಬ್ಯಾಂಡ್ ಬಿಚ್ಚಿದಾಗ ಬುಡ ನೋಯುವುದು, ಅಂಚಿನಲ್ಲಿ ಸಣ್ಣ ಗುಳ್ಳೆ, ತುಂಡಾದ ಮೋಟು ಕೂದಲು, ಇವು ಅದರ ಗುರುತು. ಬೇಗ ಎಳೆತ ನಿಲ್ಲಿಸಿದರೆ ಕೂದಲು ಮರಳಿ ಬರುತ್ತದೆ. ಹಲವು ವರ್ಷ ಹಾಗೇ ಬಿಟ್ಟರೆ ಬುಡವೇ ಸತ್ತುಹೋಗಬಹುದು. ಹೆರಿಗೆಯಾಗಿ ಎರಡರಿಂದ ನಾಲ್ಕು ತಿಂಗಳಿಗೆ ಮುಂದಿನ ಕೂದಲು ಉದುರುವುದು ಬೇರೆ. ಅದು ಸಾಮಾನ್ಯವಾಗಿ ವರ್ಷದೊಳಗೆ ತಾನಾಗಿ ಸರಿಹೋಗುತ್ತದೆ.

ಬೈತಲೆ ಅಗಲವಾಗುತ್ತಿದ್ದರೆ, ಅಥವಾ ಹಣೆಯ ಅಂಚು ಹಿಂದೆ ಸರಿದ ಜಾಗದ ಚರ್ಮ ನುಣ್ಣಗೆ, ಬಿಳಿಚಿಕೊಂಡು, ಜೊತೆಗೆ ಹುಬ್ಬೂ ಉದುರುತ್ತಿದ್ದರೆ ಸಲೂನ್ ಬಿಟ್ಟು ಚರ್ಮವೈದ್ಯರ ಹತ್ತಿರ ಹೋಗಿ. ಎರಡನೆಯದು ಫ್ರಾಂಟಲ್ ಫೈಬ್ರೋಸಿಂಗ್ ಅಲೋಪೀಶಿಯಾ ಇರಬಹುದು. ಮುಟ್ಟು ನಿಂತ ಮೇಲಿನ ಹೆಂಗಸರಲ್ಲಿ ಇದು ಜಾಸ್ತಿ, ಚಿಕ್ಕವರಿಗೂ ಬರುತ್ತದೆ. ಇದರಲ್ಲಿ ಹೋದ ಕೂದಲು ಮರಳುವುದು ಕಷ್ಟ. ಬೇಗ ತೋರಿಸಿದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಅಂಥ ಹೊತ್ತಿನಲ್ಲಿ ಬ್ಯಾಂಗ್ಸ್ ಬಿಟ್ಟು ಮುಚ್ಚಿಕೊಂಡರೆ ಅಂಚು ಎಷ್ಟು ಹಿಂದೆ ಸರಿಯಿತು ಅಂತ ನಿಮಗೇ ಗೊತ್ತಾಗುವುದಿಲ್ಲ.

ಸಲೂನಿಗೆ ಹೋಗುವ ದಿನ ತಲೆ ತೊಳೆದು, ಕೂದಲು ತಾನಾಗಿ ಒಣಗಲು ಬಿಟ್ಟು ಹೋಗಿ. ಪೋನಿಟೇಲ್ ಕಟ್ಟಿಕೊಂಡು ಹೋದರೆ ಸುಳಿ ಮಲಗಿಬಿಟ್ಟಿರುತ್ತದೆ, ಕತ್ತರಿಸುವವರಿಗೆ ಕಾಣುವುದಿಲ್ಲ. ಕನ್ನಡಕ ಹಾಕಿಕೊಂಡೇ ಉದ್ದ ಗುರುತು ಮಾಡಿಸಿ. ಫೋಟೋ ತೋರಿಸುವುದಾದರೆ ನಿಮ್ಮಷ್ಟೇ ತೆಳು ಕೂದಲಿರುವವರದು ತೋರಿಸಿ, ಮುಖ ಹೇಗಿದ್ದರೂ ಸರಿ. ಮೊದಲ ಸಲ ನಡುವಿನ ಕೂದಲನ್ನು ಮೂಗಿನ ತುದಿಯವರೆಗೇ ಬಿಡಿಸಿ. ಎರಡು ವಾರ ಹಾಗೇ ಇಟ್ಟುಕೊಂಡು, ಎಲ್ಲಿ ಸೀಳುತ್ತದೆ, ಎಷ್ಟು ಏರುತ್ತದೆ ನೋಡಿ. ಆಮೇಲೆ ಮತ್ತೆ ಹೋಗಿ ಸೇತುವೆಯ ಮಟ್ಟಕ್ಕೆ ತರಿಸಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಉದ್ದ ಬಿಟ್ಟದ್ದನ್ನು ಐದು ನಿಮಿಷದಲ್ಲಿ ಗಿಡ್ಡ ಮಾಡಬಹುದು, ಗಿಡ್ಡ ಆದದ್ದಕ್ಕೆ ಮೂರು ನಾಲ್ಕು ತಿಂಗಳು ಕ್ಲಿಪ್ಪೇ ಗತಿ.